ಛಲದ ಪಾಠ ಹೇಳುವ ಮುನ್ನ: ಒಬ್ಬ ಸೈಕಲ್ ಸವಾರನ ಪ್ರಕರಣ, ಒಂಬತ್ತನೇ ತರಗತಿಯ ಎರಡು ಅವಧಿ

ಬೋಧನಾಭ್ಯಾಸಕ್ಕೆ ನಾವು ಬರೆಯುವ ಪಾಠಯೋಜನೆಯಲ್ಲಿ ‘ಮೌಲ್ಯಗಳು’ ಎಂಬ ಒಂದು ಕಲಂ ಇರುತ್ತದೆ. ಸ್ವಚ್ಛತೆ, ಸಹಕಾರ, ಪರಿಶ್ರಮ, ಛಲ ಎಂದು ನಾಲ್ಕು ಪದ ಬರೆದು ಮುಂದಕ್ಕೆ ಹೋಗುತ್ತೇವೆ. ಕಲಿಕಾಂಶದ ಕಲಂನಲ್ಲಿ ಒಂದು ಸೂತ್ರ ತಪ್ಪಿದರೆ ಮಾರ್ಗದರ್ಶಕರು ಕೆಂಪು ಗೆರೆ ಎಳೆಯುತ್ತಾರೆ. ಮೌಲ್ಯದ ಕಲಂನಲ್ಲಿ ಬರೆದ ಮಾತು ನಿಜವೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಅಣ್ಣಿಗೇರಿಯ ಒಂದು ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಒಂಬತ್ತನೇ ತರಗತಿಯ ಮಕ್ಕಳು ಅದನ್ನು ಕೇಳಿದರು. ಆ ಪಾಠವನ್ನು ನಾನು ತಿದ್ದಿಕೊಂಡ ಬಗೆಯನ್ನು, ಅದಕ್ಕೆ ಬೇಕಾದ ವಿಷಯಜ್ಞಾನವನ್ನು ಸಹ-ಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ವಿವರಿಸಿದ್ದೇನೆ. ಮಕ್ಕಳ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಮೊದಲ ಪಾಠ ತಪ್ಪಿದ್ದೆಲ್ಲಿ

ಜೀವಕೋಶ ವಿಭಜನೆಯ ಪಾಠಕ್ಕೆ ಪೀಠಿಕೆಯಾಗಿ ಅಮೆರಿಕದ ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಕಥೆಯನ್ನು ಆಯ್ದುಕೊಂಡಿದ್ದೆ. ಜೀವಕೋಶಗಳು ಅಂಕೆ ಮೀರಿ ವಿಭಜಿಸಿದರೆ ಕ್ಯಾನ್ಸರ್. ಅದನ್ನು ಗೆದ್ದು ಜಗತ್ತಿನ ಅತಿ ಕಠಿಣ ಸೈಕಲ್ ಸ್ಪರ್ಧೆಯನ್ನೂ ಗೆದ್ದವನು ಇವನು. ವಿಷಯಕ್ಕೂ ಮೌಲ್ಯಕ್ಕೂ ಒಂದೇ ಕಥೆ ಸಾಕಾಗುತ್ತದೆ ಎಂದು ಖುಷಿಯಾಗಿತ್ತು. ಅಣ್ಣಿಗೇರಿಯ ಮಕ್ಕಳಿಗೆ ಸೈಕಲ್ ಹೊಸದಲ್ಲ. ಸುತ್ತಲಿನ ಹಳ್ಳಿಗಳಿಂದ ಎರೆಭೂಮಿಯ ರಸ್ತೆಯಲ್ಲಿ ಸೈಕಲ್ ತುಳಿದು ಬರುವವರು ಪ್ರತಿ ತರಗತಿಯಲ್ಲೂ ಇದ್ದಾರೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಅಕ್ಕ ಅಣ್ಣಂದಿರಿಗೆ ಸಿಕ್ಕ ಸೈಕಲ್ಲು ಎಷ್ಟೋ ಮನೆಗಳಲ್ಲಿ ತಮ್ಮ ತಂಗಿಯರಿಗೆ ಬಂದಿದೆ.

ಕಥೆ ಹೇಳಿ ಮುಗಿಸಿ ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ‘ಛಲವಿದ್ದರೆ ಯಾವ ರೋಗವನ್ನಾದರೂ ಗೆಲ್ಲಬಹುದು.’ ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಟೀಚರ್, ಅವನ ಗೆದ್ದಿದ್ದೆಲ್ಲಾ ಆಮ್ಯಾಲೆ ಕಸ್ಕೊಂಡ್ರಂತಲ್ರಿ? ನಮ್ಮಣ್ಣ ಮೊಬೈಲ್‌ನ್ಯಾಗ ತೋರಿಸಿದ್ದ.” ಅದನ್ನು ನಾನು ಯೋಜನೆಯಲ್ಲಿ ಬೇಕೆಂದೇ ಬಿಟ್ಟಿದ್ದೆ. “ಅದು ಬ್ಯಾರೆ ವಿಷಯ, ನಾಳೆ ನೋಡೋಣು” ಎಂದು ತೇಲಿಸಿದೆ.

ಎರಡನೆಯ ಪ್ರಶ್ನೆ ತರಗತಿಯಲ್ಲಿ ಬರಲಿಲ್ಲ. ಬಿಸಿಯೂಟದ ಹೊತ್ತಿಗೆ ಒಬ್ಬ ಹುಡುಗಿ ತಟ್ಟೆ ತೊಳೆದುಕೊಂಡು ನಾನು ನಿಂತಲ್ಲಿಗೆ ಬಂದಳು. ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ಟೀಚರ್, ನಮ್ಮವ್ವಗ ಛಲ ಕಡಿಮಿ ಇತ್ತೇನ್ರಿ?” ಎಂದಳು. ಆಕೆಯ ತಾಯಿ ಹಿಂದಿನ ವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ನನಗೆ ಅದು ಗೊತ್ತಿರಲಿಲ್ಲ. “ಇಲ್ಲವ್ವಾ, ಹಂಗಲ್ಲ” ಎಂದಷ್ಟೇ ಹೇಳಲು ಸಾಧ್ಯವಾಯಿತು. ಆದರೆ ಹಲಗೆಯ ಮೇಲೆ ನಾನು ಬರೆದದ್ದರ ಅರ್ಥ ಅದೇ ಆಗಿತ್ತು. ಛಲವಿದ್ದರೆ ಗೆಲ್ಲಬಹುದು ಎಂದಾದರೆ ಗೆಲ್ಲದವರಲ್ಲಿ ಛಲವಿರಲಿಲ್ಲ ಎಂದಾಗುತ್ತದೆ. ಹದಿನಾಲ್ಕು ವರ್ಷದ ಹುಡುಗಿ ನನ್ನ ವಾಕ್ಯದಿಂದ ಸರಿಯಾದ ತೀರ್ಮಾನವನ್ನೇ ತೆಗೆದಿದ್ದಳು. ತಪ್ಪಿದ್ದದ್ದು ವಾಕ್ಯದಲ್ಲಿ.

ಅಂದು ಸಂಜೆ ಮಾರ್ಗದರ್ಶಕ ಉಪನ್ಯಾಸಕರಿಗೆ ನಡೆದದ್ದನ್ನು ಹೇಳಿದೆ. ಅವರು ಪಾಠಯೋಜನೆ ತರಿಸಿಕೊಂಡು ಮೌಲ್ಯದ ಕಲಂ ಮೇಲೆ ಬೆರಳಿಟ್ಟು, “ಇದಕ್ಕ ಪುರಾವೆ ಏನೈತಿ? ವಿಜ್ಞಾನದ ಪಾಠದಾಗ ಪುರಾವೆ ಇಲ್ಲದ ವಾಕ್ಯ ಯಾಕ ಬರದಿ?” ಎಂದು ಕೇಳಿದರು. ಕಥೆಯನ್ನು ಬಿಟ್ಟುಬಿಡಲೇ ಎಂದೆ. ಬಿಡಬೇಡ, ಪೂರ್ತಿ ಹೇಳು ಎಂದರು. ಪೂರ್ತಿ ಹೇಳಬೇಕಾದರೆ ಮೊದಲು ನಾನು ಪೂರ್ತಿ ಓದಬೇಕಿತ್ತು.

ಪ್ರಕರಣದ ಪೂರ್ತಿ ವಿವರ

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1971ರಲ್ಲಿ. 1993ರಲ್ಲಿ, 21ನೆಯ ವಯಸ್ಸಿನಲ್ಲಿ ರಸ್ತೆ ಸೈಕ್ಲಿಂಗ್‌ನ ವಿಶ್ವ ಚಾಂಪಿಯನ್ ಆದ. 1996ರ ಅಕ್ಟೋಬರ್ 2ರಂದು, 25 ವರ್ಷದವನಿದ್ದಾಗ, ಅವನಿಗೆ ವೃಷಣದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಬಾವು, ನೋವು ಮೊದಲೇ ಇದ್ದರೂ ಸೈಕಲ್ ತುಳಿಯುವವರಿಗೆ ಇದು ಸಹಜ ಎಂದು ಕಡೆಗಣಿಸಿದ್ದ. ಕೆಮ್ಮಿದಾಗ ರಕ್ತ ಬಂದ ಮೇಲೆ ವೈದ್ಯರ ಬಳಿ ಹೋದ. ಆ ಹೊತ್ತಿಗೆ ರೋಗ ಶ್ವಾಸಕೋಶಕ್ಕೂ ಮಿದುಳಿಗೂ ಹರಡಿತ್ತು. ಮೊದಲು ವೃಷಣದ ಶಸ್ತ್ರಚಿಕಿತ್ಸೆ, ಅದೇ ತಿಂಗಳಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆ, ಡಿಸೆಂಬರ್ ತನಕ ನಾಲ್ಕು ಸುತ್ತು ಕೀಮೋಥೆರಪಿ ನಡೆಯಿತು. 1998ರಲ್ಲಿ ಸ್ಪರ್ಧೆಗೆ ಮರಳಿದ. 1999ರಿಂದ 2005ರವರೆಗೆ ಸತತ ಏಳು ವರ್ಷ ‘ಟೂರ್ ಡಿ ಫ್ರಾನ್ಸ್’ನಲ್ಲಿ ಮೊದಲಿಗನಾದ.

ನಾನು ಮೊದಲ ದಿನ ಹೇಳಿದ್ದು ಇಲ್ಲಿಯವರೆಗೆ ಮಾತ್ರ. ಮುಂದಿನದು ಹೀಗಿದೆ. 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆ ತನಿಖೆ ಮುಗಿಸಿ ಅವನಿಗೆ ಆಜೀವ ನಿಷೇಧ ಹೇರಿತು. ಸಂಸ್ಥೆ ಮುಂದಿಟ್ಟ ಪುರಾವೆ ಸಾವಿರ ಪುಟಕ್ಕೂ ಹೆಚ್ಚಿತ್ತು. ಸಾಕ್ಷ್ಯ ಹೇಳಿದ 26 ಮಂದಿಯಲ್ಲಿ 11 ಜನ ಅವನದೇ ತಂಡದ ಸಹ ಆಟಗಾರರು. 1998ರ ಆಗಸ್ಟ್ 1ರಿಂದ ಮುಂದಿನ ಅವನ ಎಲ್ಲ ಫಲಿತಾಂಶಗಳೂ ರದ್ದಾದವು. ಅಕ್ಟೋಬರ್ 22ರಂದು ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ತೀರ್ಮಾನವನ್ನು ಒಪ್ಪಿತು. 2013ರ ಜನವರಿಯಲ್ಲಿ ಓಪ್ರಾ ವಿನ್‌ಫ್ರೆಗೆ ಕೊಟ್ಟ ದೂರದರ್ಶನ ಸಂದರ್ಶನದಲ್ಲಿ, ಏಳೂ ಗೆಲುವುಗಳ ಕಾಲದಲ್ಲಿ ಉದ್ದೀಪನ ಮದ್ದು ಬಳಸಿದ್ದಾಗಿ ಅವನೇ ಒಪ್ಪಿಕೊಂಡ. ಆ ಏಳು ವರ್ಷಗಳ ಪ್ರಶಸ್ತಿಯನ್ನು ಬೇರೆ ಯಾರಿಗೂ ಕೊಡಲಿಲ್ಲ. ದಾಖಲೆಯಲ್ಲಿ ಆ ಸಾಲುಗಳು ಖಾಲಿಯಾಗಿಯೇ ಉಳಿದಿವೆ.

ಹೀಗೆ ಓದಿದಾಗ ಪ್ರಕರಣದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ ಎಂದು ತಿಳಿಯಿತು. ರೋಗ ವಾಸಿಯಾದದ್ದು ಯಾವುದರಿಂದ? ಸ್ಪರ್ಧೆ ಗೆದ್ದದ್ದು ಯಾವುದರಿಂದ? ಇವೆರಡರಲ್ಲೂ ಛಲದ ಪಾಲು ಎಷ್ಟು? ನಾನು ಮೂರಕ್ಕೂ ಒಂದೇ ಉತ್ತರ ಕೊಟ್ಟಿದ್ದೆ.

ರೋಗ ವಾಸಿಯಾದದ್ದು ಯಾವುದರಿಂದ?

ಇದಕ್ಕೆ ಉತ್ತರ ಹುಡುಕಿದರೆ ನೇರವಾಗಿ ನಮ್ಮ ಪಠ್ಯಕ್ಕೇ ಬಂದು ನಿಲ್ಲುತ್ತೇವೆ. 1965ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ವಿದ್ಯುತ್ ಕ್ಷೇತ್ರದಲ್ಲಿ ಬ್ಯಾಕ್ಟೀರಿಯಾಗಳು ಹೇಗೆ ಬೆಳೆಯುತ್ತವೆ ಎಂದು ನೋಡುತ್ತಿದ್ದರು. ದ್ರಾವಣದೊಳಗೆ ಇಳಿಬಿಟ್ಟ ವಿದ್ಯುದಗ್ರಗಳು ಪ್ಲಾಟಿನಂನವು. ಪ್ಲಾಟಿನಂ ಸುಲಭವಾಗಿ ಕ್ರಿಯೆಗೆ ಒಳಗಾಗದ ಲೋಹ ಎಂದೇ ಅದನ್ನು ಬಳಸಿದ್ದರು. ಆದರೆ ಬ್ಯಾಕ್ಟೀರಿಯಾಗಳು ವಿಭಜನೆಯಾಗುವುದನ್ನು ನಿಲ್ಲಿಸಿ, ಎಳೆಗಳಂತೆ ಉದ್ದುದ್ದ ಬೆಳೆದವು. ವಿದ್ಯುತ್ತಿನಿಂದ ಹೀಗಾಯಿತೇ ಎಂದು ಪರೀಕ್ಷಿಸಿದರೆ, ಕಾರಣ ವಿದ್ಯುತ್ತಾಗಿರಲಿಲ್ಲ. ವಿದ್ಯುದಗ್ರದಿಂದ ಸ್ವಲ್ಪ ಪ್ಲಾಟಿನಂ ಕರಗಿ ದ್ರಾವಣದಲ್ಲಿ ಒಂದು ಸಂಯುಕ್ತವಾಗಿತ್ತು. ವಿಭಜನೆಯನ್ನು ತಡೆದದ್ದು ಅದೇ. ಬ್ಯಾಕ್ಟೀರಿಯಾದ ವಿಭಜನೆಯನ್ನು ತಡೆಯುವ ಈ ಸಂಯುಕ್ತ ಕ್ಯಾನ್ಸರ್ ಕೋಶದ ವಿಭಜನೆಯನ್ನೂ ತಡೆಯಬಹುದಲ್ಲವೇ ಎಂಬ ಪ್ರಶ್ನೆಯಿಂದ ‘ಸಿಸ್‌ಪ್ಲಾಟಿನ್’ ಎಂಬ ಔಷಧ ಬಂತು.

ಅದು ಕೆಲಸ ಮಾಡುವ ರೀತಿ ಸರಳ. ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯ ನಕಲು ಮಾಡಿಕೊಳ್ಳಬೇಕು. ಸಿಸ್‌ಪ್ಲಾಟಿನ್ ಡಿಎನ್‌ಎಗೆ ಅಂಟಿಕೊಂಡು ಅದನ್ನು ಗಂಟು ಹಾಕಿದಂತೆ ಮಾಡುತ್ತದೆ. ನಕಲು ನಿಲ್ಲುತ್ತದೆ, ಕೋಶ ಸಾಯುತ್ತದೆ. ಹೆಚ್ಚು ವೇಗವಾಗಿ ವಿಭಜಿಸುವ ಕೋಶಕ್ಕೆ ಹೆಚ್ಚು ಪೆಟ್ಟು. ಕ್ಯಾನ್ಸರ್ ಕೋಶದ ಜೊತೆಗೆ ಕೂದಲಿನ ಬುಡ, ಬಾಯಿಯ ಒಳಪದರ, ಕರುಳಿನ ಒಳಪದರ, ಮೂಳೆಯ ಮಜ್ಜೆ ಇವುಗಳ ಕೋಶಗಳೂ ವೇಗವಾಗಿ ವಿಭಜಿಸುತ್ತವೆ. ಕೀಮೋ ಪಡೆಯುವವರ ಕೂದಲು ಉದುರುವುದು, ಬಾಯಲ್ಲಿ ಹುಣ್ಣಾಗುವುದು, ರಕ್ತ ಕಡಿಮೆಯಾಗುವುದು ಈ ಕಾರಣಕ್ಕೆ.

1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ವೈದ್ಯ ಲಾರೆನ್ಸ್ ಐನ್‌ಹಾರ್ನ್ ಈ ಔಷಧವನ್ನು ಬೇರೆ ಎರಡು ಔಷಧಗಳ ಜೊತೆ ಸೇರಿಸಿ ವೃಷಣದ ಕ್ಯಾನ್ಸರ್‌ಗೆ ಕೊಟ್ಟು ನೋಡಿದರು. ಅದಕ್ಕೆ ಮೊದಲು, ದೇಹದಲ್ಲಿ ಹರಡಿದ ಈ ಕ್ಯಾನ್ಸರ್‌ನಿಂದ ಗುಣವಾಗುತ್ತಿದ್ದವರು ನೂರಕ್ಕೆ ಐದರಿಂದ ಹತ್ತು ಜನ. ಸಿಸ್‌ಪ್ಲಾಟಿನ್ ಚಿಕಿತ್ಸೆ ರೂಢಿಗೆ ಬಂದ ಮೇಲೆ ನೂರಕ್ಕೆ ಸುಮಾರು ಎಂಬತ್ತು. 1978ರಲ್ಲಿ ಅಮೆರಿಕದ ಸರ್ಕಾರ ಈ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಆರ್ಮ್‌ಸ್ಟ್ರಾಂಗ್‌ಗೆ ರೋಗ ಬಂದದ್ದು ಅದಾದ 18 ವರ್ಷಕ್ಕೆ, ಅವನು ಚಿಕಿತ್ಸೆಗೆ ಹೋದದ್ದು ಇದೇ ಇಂಡಿಯಾನಾ ವಿಶ್ವವಿದ್ಯಾಲಯದ ಆಸ್ಪತ್ರೆಗೆ. ರೂಢಿಯಲ್ಲಿದ್ದ ಔಷಧಗಳಲ್ಲಿ ಬ್ಲಿಯೋಮೈಸಿನ್ ಎಂಬುದು ಶ್ವಾಸಕೋಶಕ್ಕೆ ಹಾನಿ ಮಾಡುವಂಥದ್ದು. ಸೈಕಲ್ ಸವಾರನಿಗೆ ಶ್ವಾಸಕೋಶ ಉಳಿಯಬೇಕೆಂದು ಅಲ್ಲಿನ ವೈದ್ಯರು ಮುಂದಿನ ಸುತ್ತುಗಳಲ್ಲಿ ಅದನ್ನು ಬಿಟ್ಟು ಬೇರೆ ಔಷಧ ಕೊಟ್ಟರು.

ನಮ್ಮ ಮಕ್ಕಳಿಗೆ ಹತ್ತಿರದ ಉದಾಹರಣೆ ಬೇಕೆಂದರೆ ಕ್ರಿಕೆಟಿಗ ಯುವರಾಜ್ ಸಿಂಗ್ ಇದ್ದಾರೆ. 2011ರ ವಿಶ್ವಕಪ್‌ನಲ್ಲಿ 362 ರನ್, 15 ವಿಕೆಟ್ ಪಡೆದು ಸರಣಿ ಶ್ರೇಷ್ಠರಾದವರು. ಅವರ ಎರಡು ಶ್ವಾಸಕೋಶಗಳ ನಡುವೆ ಇದೇ ಗುಂಪಿನ ಗೆಡ್ಡೆ ಪತ್ತೆಯಾಯಿತು. 2012ರ ಆರಂಭದಲ್ಲಿ ಅಮೆರಿಕದಲ್ಲಿ ಕೀಮೋ ಪಡೆದರು. ಚಿಕಿತ್ಸೆ ನೀಡಿದವರಲ್ಲಿ ಅದೇ ಐನ್‌ಹಾರ್ನ್ ಇದ್ದರು. ನಮ್ಮ ಅನಿಲ್ ಕುಂಬ್ಳೆ ಅವರನ್ನು ನೋಡಲು ಅಲ್ಲಿಗೇ ಹೋಗಿದ್ದರು. ಅದೇ ವರ್ಷ ಸೆಪ್ಟೆಂಬರ್ 11ರಂದು ಚೆನ್ನೈಯಲ್ಲಿ ನ್ಯೂಜಿಲೆಂಡ್ ವಿರುದ್ಧ ಯುವರಾಜ್ ಮತ್ತೆ ಭಾರತಕ್ಕೆ ಆಡಿದರು.

ಇಲ್ಲಿ ತರಗತಿಗೆ ಒಂದು ಒಳ್ಳೆಯ ವಿಚಾರ ಸಿಗುತ್ತದೆ. 1970ರಲ್ಲಿ ಈ ರೋಗ ಬಂದ ಇಪ್ಪತ್ತು ಯುವಕರು, 1980ರಲ್ಲಿ ಬಂದ ಇಪ್ಪತ್ತು ಯುವಕರು ಎಂದುಕೊಳ್ಳಿ. ಹತ್ತು ವರ್ಷದಲ್ಲಿ ಮನುಷ್ಯರ ಛಲ ಹೆಚ್ಚಾಗಿರಲಾರದು. ಮೊದಲ ಗುಂಪಿನಲ್ಲಿ ಉಳಿಯುವವರು ಒಬ್ಬರೋ ಇಬ್ಬರೋ. ಎರಡನೆಯ ಗುಂಪಿನಲ್ಲಿ ಹದಿನಾರು ಜನ. ಬದಲಾದ ಅಂಶ ಔಷಧ ಒಂದೇ. ಪ್ರಯೋಗದಲ್ಲಿ ಒಂದು ಅಂಶ ಬದಲಿಸಿ ಉಳಿದವನ್ನು ಹಾಗೇ ಇಡಬೇಕು ಎಂದು ನಾವು ಕಲಿಸುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಮೂರು ವಾರದ ಸವಾರಿ ದೇಹದಿಂದ ಏನು ಕೇಳುತ್ತದೆ?

ಟೂರ್ ಡಿ ಫ್ರಾನ್ಸ್ ಆರಂಭವಾದದ್ದು 1903ರಲ್ಲಿ. ಈಗ 23 ದಿನಗಳಲ್ಲಿ 21 ಹಂತ, ಒಟ್ಟು ಸುಮಾರು 3,500 ಕಿಲೋಮೀಟರ್. ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಸುಮಾರು 35 ಕಿಲೋಮೀಟರ್. ಹೋಗಿ ಬಂದರೆ 70. ಅಂದರೆ ಮೂರು ವಾರದಲ್ಲಿ ಐವತ್ತು ಸಲ ಹುಬ್ಬಳ್ಳಿಗೆ ಹೋಗಿ ಬಂದಷ್ಟು, ಅದರ ಜೊತೆಗೆ ಆಲ್ಪ್ಸ್, ಪಿರೆನೀಸ್ ಪರ್ವತಗಳ ಏರು. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿದೆ. ಉತ್ತರ ಬಂದಾಗ ತರಗತಿಯಲ್ಲಿ “ಅಬ್ಬಬ್ಬಾ” ಎಂಬ ದನಿ ಬಂತು.

ಗಾಳಿಯ ವಿಷಯ ನಮ್ಮ ಭಾಗದ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಮರಗಳಿಲ್ಲದ ಬಯಲಿನಲ್ಲಿ ಆಷಾಢದ ಎದುರುಗಾಳಿಗೆ ಸೈಕಲ್ ತುಳಿಯುವುದು ಎಂಥದೆಂದು ಅವರಿಗೆ ಗೊತ್ತು. ವೇಗ ಹೆಚ್ಚಿದಂತೆ ಗಾಳಿಯ ತಡೆಬಲ ವೇಗದ ವರ್ಗಕ್ಕೆ ಅನುಪಾತವಾಗಿ ಹೆಚ್ಚುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತ. ವೇಗ ಎರಡು ಪಟ್ಟಾದರೆ ಗಾಳಿಗೆ ಕೊಡಬೇಕಾದ ಸಾಮರ್ಥ್ಯ ಎಂಟು ಪಟ್ಟು. ಸ್ಪರ್ಧಿಗಳು ಒಬ್ಬರ ಹಿಂದೆ ಒಬ್ಬರು ಗುಂಪಾಗಿ ಸಾಗುವುದು ಇದಕ್ಕಾಗಿ. ಊರಿಗೆ ಹೋಗುವಾಗ ನಮ್ಮ ಹುಡುಗರು ಟ್ರ್ಯಾಕ್ಟರಿನ ಹಿಂದೆ ಸೈಕಲ್ ಬಿಡುವುದೂ ಇದೇ ತತ್ವ. ಅದು ಅಪಾಯ ಎಂದು ಆಗಲೇ ಹೇಳಿಬಿಟ್ಟೆ.

ಈ ಶ್ರಮಕ್ಕೆ ಸವಾರನಿಗೆ ದಿನಕ್ಕೆ ಸುಮಾರು 6,000 ಕಿಲೋಕ್ಯಾಲೊರಿ ಬೇಕು. ಅದು ಸಾಮಾನ್ಯ ವಯಸ್ಕನಿಗೆ ಬೇಕಾದದ್ದರ ಎರಡೂವರೆ ಪಟ್ಟು. ಆಹಾರ ತಿಂದರೆ ಸಾಲದು, ಸ್ನಾಯುವಿನಲ್ಲಿ ಅದನ್ನು ಉರಿಸಲು ಆಮ್ಲಜನಕ ತಲುಪಬೇಕು. ರಕ್ತ ಒಯ್ಯುವ ಆಮ್ಲಜನಕದ ಬಹುಪಾಲು ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಹೋಗುತ್ತದೆ. ಕೆಂಪು ಕಣ ಕಡಿಮೆಯಾದರೆ ಆಮ್ಲಜನಕ ಕಡಿಮೆ, ಏದುಸಿರು ಬೇಗ. ರಕ್ತಹೀನತೆಗೆಂದು ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ನೆನಪಿಸಿದರೆ ಮಕ್ಕಳಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಔಷಧ ಒಂದೇ, ಬಳಕೆ ಎರಡು

ಕೆಂಪು ಕಣ ತಯಾರಾಗುವುದು ಮೂಳೆಯ ಮಜ್ಜೆಯಲ್ಲಿ. ಎಷ್ಟು ತಯಾರಿಸಬೇಕೆಂಬ ಸಂದೇಶ ಕೊಡುವುದು ಮುಖ್ಯವಾಗಿ ಮೂತ್ರಪಿಂಡದಿಂದ ಬರುವ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನು. ಚಿಕ್ಕದಾಗಿ ಇಪಿಒ ಎನ್ನುತ್ತಾರೆ. ಮೂತ್ರಪಿಂಡ ಕೆಟ್ಟವರಲ್ಲಿ ಈ ಸಂದೇಶ ನಿಂತು ರಕ್ತ ಕಡಿಮೆಯಾಗುತ್ತದೆ. ಅಂಥವರಿಗಾಗಿ ಪ್ರಯೋಗಾಲಯದಲ್ಲಿ ತಯಾರಿಸಿದ ಇಪಿಒಗೆ 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಕೀಮೋದಿಂದ ರಕ್ತ ಇಳಿದ ಕೆಲವರಿಗೆ ಇಂದಿಗೂ ಈ ಇಂಜೆಕ್ಷನ್ ಕೊಡುತ್ತಾರೆ.

ಆರೋಗ್ಯವಂತ ಸವಾರ ಅದನ್ನು ತೆಗೆದುಕೊಂಡರೆ ಕೆಂಪು ಕಣ ಅಗತ್ಯಕ್ಕಿಂತ ಹೆಚ್ಚಾಗಿ, ಸ್ನಾಯುವಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆ. 1990ರ ದಶಕದಲ್ಲಿ ಸೈಕ್ಲಿಂಗ್‌ನಲ್ಲಿ ಇದು ಹರಡಿತು. ದೇಹದ ಸ್ವಂತ ಹಾರ್ಮೋನಿನಂತೆಯೇ ಇರುವುದರಿಂದ ಪತ್ತೆ ಕಷ್ಟವಾಗಿತ್ತು. ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಐವತ್ತನ್ನು ಮೀರಿದರೆ ಸವಾರನನ್ನು ತಡೆಯುವ ನಿಯಮ 1997ರಲ್ಲಿ ಬಂತು. ಇಪಿಒವನ್ನೇ ಗುರುತಿಸುವ ಪರೀಕ್ಷೆ 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ ಸಿದ್ಧವಾಯಿತು. ಕಣ ಹೆಚ್ಚಾದ ರಕ್ತ ಮಂದವಾಗಿ, ಹೆಪ್ಪುಗಟ್ಟಿ, ಹೃದಯಕ್ಕೂ ಮಿದುಳಿಗೂ ಅಪಾಯ ತರಬಹುದು. ಆರ್ಮ್‌ಸ್ಟ್ರಾಂಗ್ ಬಳಸಿದ್ದಾಗಿ ಒಪ್ಪಿಕೊಂಡ ಮದ್ದುಗಳಲ್ಲಿ ಇಪಿಒ ಒಂದು. ತನ್ನ ರಕ್ತವನ್ನೇ ತೆಗೆದಿಟ್ಟು ಮತ್ತೆ ಏರಿಸಿಕೊಂಡದ್ದನ್ನೂ, ಟೆಸ್ಟೊಸ್ಟೆರೋನ್ ಬಳಸಿದ್ದನ್ನೂ ಒಪ್ಪಿದ.

ಒಂದೇ ಔಷಧ ರೋಗಿಗೆ ಚಿಕಿತ್ಸೆ, ಆರೋಗ್ಯವಂತನಿಗೆ ಮೋಸದ ಸಾಧನ. ‘ಒಳ್ಳೆಯ ಔಷಧ, ಕೆಟ್ಟ ಔಷಧ’ ಎಂದು ಮಕ್ಕಳು ವಿಂಗಡಿಸಲು ಹೊರಟಾಗ ಈ ಉದಾಹರಣೆ ಅವರನ್ನು ನಿಲ್ಲಿಸಿ ಯೋಚಿಸುವಂತೆ ಮಾಡಿತು.

ಹಾಗಾದರೆ ಛಲದ ಪಾಲು ಎಷ್ಟು?

ಛಲಕ್ಕೆ ಬೆಲೆಯೇ ಇಲ್ಲ ಎಂದು ಹೇಳಿದರೆ ಅದೂ ತಪ್ಪಾಗುತ್ತದೆ. ಕೀಮೋ ಸುತ್ತು ಸುತ್ತಾಗಿ ಬರುತ್ತದೆ. ಒಂದು ಸುತ್ತಿನ ವಾಂತಿ, ಸುಸ್ತು ಇಳಿಯುವ ಹೊತ್ತಿಗೆ ಮುಂದಿನ ಸುತ್ತಿನ ದಿನ ಬಂದಿರುತ್ತದೆ. ಹೇಳಿದ ದಿನಕ್ಕೆ ಮತ್ತೆ ಆಸ್ಪತ್ರೆಗೆ ಹೋಗುವುದು, ಊಟ ಬೇಡವಾದರೂ ನಾಲ್ಕು ತುತ್ತು ಇಳಿಸುವುದು, ಅರ್ಧಕ್ಕೆ ಬಿಡದೆ ಮುಗಿಸುವುದು ಸಣ್ಣ ಕೆಲಸವಲ್ಲ. ನಮ್ಮ ಹಳ್ಳಿಗಳಿಂದ ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ನಸುಕಿನ ಬಸ್ಸು ಹಿಡಿದು ಹೋಗಿ ಬರುವವರ ಛಲ ಯಾವ ಸ್ಪರ್ಧಿಯದಕ್ಕೂ ಕಡಿಮೆಯಲ್ಲ. ಈ ಸಹನೆ ಚಿಕಿತ್ಸೆಯನ್ನು ಪೂರ್ತಿ ಪಡೆಯಲು ನೆರವಾಗುತ್ತದೆ. ಪಡೆದ ಚಿಕಿತ್ಸೆ ಫಲ ಕೊಡುತ್ತದೆಯೋ ಇಲ್ಲವೋ ಎಂಬುದನ್ನು ಕ್ಯಾನ್ಸರ್‌ನ ಬಗೆ, ಪತ್ತೆಯಾದ ಹಂತ, ಇರುವ ಔಷಧ, ಅದು ಕೈಗೆಟುಕುವ ಸ್ಥಿತಿ ಇವೆಲ್ಲ ಸೇರಿ ನಿರ್ಧರಿಸುತ್ತವೆ. ಸಿಸ್‌ಪ್ಲಾಟಿನ್ ಬೇರೆ ಹಲವು ಕ್ಯಾನ್ಸರ್‌ಗಳಿಗೂ ಕೊಡುವ ಔಷಧ. ಆದರೆ ಹರಡಿದ ವೃಷಣದ ಕ್ಯಾನ್ಸರ್‌ನಲ್ಲಿ ಕೊಡುವಷ್ಟು ಫಲವನ್ನು ಹರಡಿದ ಬೇರೆ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಅದು ಕೊಡುವುದಿಲ್ಲ. ಕೆಲವು ಕ್ಯಾನ್ಸರ್ ಕೋಶಗಳು ಗಂಟು ಬಿದ್ದ ಡಿಎನ್‌ಎಯನ್ನು ದುರಸ್ತಿ ಮಾಡಿಕೊಳ್ಳುತ್ತವೆ, ಕೆಲವು ಔಷಧವನ್ನೇ ಹೊರಗೆ ತಳ್ಳುತ್ತವೆ.

ಸೈಕಲ್ಲಿನಲ್ಲೂ ಛಲವನ್ನು ತೋರಿಸಲು ಬೇರೆ ಉದಾಹರಣೆ ಇದೆ. ದೂರ ಸವಾರಿಯ ‘ರಾಂಡನರಿಂಗ್’ ಎಂಬ ಪದ್ಧತಿಯಲ್ಲಿ ಮೊದಲನೆಯವ, ಎರಡನೆಯವ ಎಂಬ ಲೆಕ್ಕವೇ ಇಲ್ಲ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600 ಕಿಲೋಮೀಟರನ್ನು 40 ಗಂಟೆಯಲ್ಲಿ ಮುಗಿಸಬೇಕು. ಊಟ, ನಿದ್ದೆ, ಪಂಕ್ಚರ್ ಎಲ್ಲ ಅದರೊಳಗೇ. ಮುಗಿಸಿದವರೆಲ್ಲರಿಗೂ ಒಂದೇ ಮಾನ್ಯತೆ. ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1,200 ಕಿಲೋಮೀಟರಿನ ಸವಾರಿ 1891ರಲ್ಲಿ ಆರಂಭವಾಯಿತು. ಈಗ ಅದರ ಗರಿಷ್ಠ ಅವಧಿ 90 ಗಂಟೆ. ಹುಬ್ಬಳ್ಳಿಯ ಸೈಕಲ್ ಸವಾರರೂ ಇಂಥ ಸವಾರಿಗಳನ್ನು ನಡೆಸುತ್ತಾರೆ. 200ನ್ನು ಹದಿಮೂರೂವರೆಯಿಂದ ಭಾಗಿಸಿ ಎಂದೆ. ಗಂಟೆಗೆ 15 ಕಿಲೋಮೀಟರಿಗೂ ಕಡಿಮೆ ಬಂತು. “ಅಷ್ಟ ಸ್ಪೀಡ್ ನಾವೂ ಹೊಡಿತೇವಲ್ರಿ” ಎಂದರು. ವೇಗ ನಿಮಗೂ ಇದೆ, ಅದನ್ನು ಹದಿಮೂರು ತಾಸು ಹಿಡಿದಿಡುವುದೇ ಕಷ್ಟ ಎಂದಾಗ ಛಲ ಎಂಬ ಪದಕ್ಕೆ ಅಳತೆಯೊಂದು ಸಿಕ್ಕಿತು.

ತಿದ್ದಿದ ಪಾಠವನ್ನು ನಡೆಸಿದ ಬಗೆ

ಎರಡು ಅವಧಿಗಳನ್ನು ತೆಗೆದುಕೊಂಡೆ. ಮೊದಲ ಅವಧಿಯ ಆರಂಭದಲ್ಲೇ, “ಮೊನ್ನೆ ಹಲಗೆ ಮೇಲೆ ನಾನು ಬರೆದ ಮಾತು ತಪ್ಪು. ಯಾಕೆ ತಪ್ಪು ಅನ್ನೋದನ್ನ ಇವತ್ತು ನೋಡೋಣ” ಎಂದೆ. ಮೊಬೈಲ್ ಪ್ರಶ್ನೆ ಕೇಳಿದ ಹುಡುಗನಿಗೆ, ನಿನ್ನ ಪ್ರಶ್ನೆ ಸರಿಯಾಗಿತ್ತು ಎಂದೂ ಹೇಳಿದೆ.

ತೊಡಗಿಸಿಕೊಳ್ಳುವ ಹಂತಕ್ಕೆ ಕಡಲೆಕಾಳು ಬಳಸಿದೆ. ನಮ್ಮೂರಲ್ಲಿ ಅದಕ್ಕೇನು ಬರ. ಪ್ರತಿ ಗುಂಪಿಗೆ ಇಪ್ಪತ್ತಿಪ್ಪತ್ತು ಕಾಳುಗಳ ಎರಡು ಸಾಲು. ಒಂದು ಸಾಲು 1970, ಇನ್ನೊಂದು 1980. ಗುಣವಾದವರ ಸಂಖ್ಯೆಯಷ್ಟು ಕಾಳು ಉಳಿಸಿ ಮಿಕ್ಕಿದ್ದನ್ನು ಬದಿಗೆ ಸರಿಸಬೇಕು. ಬಳಿಕ ಎರಡು ಸಾಲುಗಳ ವ್ಯತ್ಯಾಸಕ್ಕೆ ಕಾರಣವೇನೆಂದು ಗುಂಪು ಚರ್ಚಿಸಿ ಬರೆಯಬೇಕು. ಐದರಲ್ಲಿ ನಾಲ್ಕು ಗುಂಪು ‘ಔಷಧ’ ಎಂದವು. ಒಂದು ಗುಂಪು ‘ಆಸ್ಪತ್ರೆಗೆ ಬೇಗ ಹೋಗಿರಬಹುದು’ ಎಂದಿತು. ಅದೂ ಒಳ್ಳೆಯ ಊಹೆ, ಹಾಗಾಗಿ ಹರಡಿದ ರೋಗವನ್ನೇ ಹರಡಿದ ರೋಗಕ್ಕೆ ಹೋಲಿಸುತ್ತಿದ್ದೇವೆ ಎಂಬುದನ್ನು ವಿವರಿಸಬೇಕಾಯಿತು.

ವಿವರಣೆಯ ಹಂತದಲ್ಲಿ ಕೋಶ ವಿಭಜನೆ, ಸಿಸ್‌ಪ್ಲಾಟಿನ್ ಬಂತು. ವೃಷಣ ಎಂಬ ಪದ ಬಂದಾಗ ನಗು ಎದ್ದಿತು. ಎಂಟನೇ ತರಗತಿಯ ಹದಿಹರೆಯದ ಪಾಠದಲ್ಲಿ ಓದಿದ ಅಂಗ ಇದು, ಈ ಕ್ಯಾನ್ಸರ್ ಹೆಚ್ಚಾಗಿ ಬರುವುದು ಹದಿನೈದರಿಂದ ಮೂವತ್ತೈದರ ವಯಸ್ಸಿನವರಿಗೇ, ನಾಚಿಕೆಯಿಂದ ಹೇಳದೆ ಉಳಿದರೆ ತಡವಾಗುತ್ತದೆ ಎಂದು ಸಹಜ ದನಿಯಲ್ಲಿ ಹೇಳಿದೆ. ನಗು ನಿಂತಿತು. ಆರ್ಮ್‌ಸ್ಟ್ರಾಂಗ್ ಕಡೆಗಣಿಸಿದ ಲಕ್ಷಣಗಳ ಮಾತು ಇಲ್ಲಿ ಸೇರಿಸಬೇಕು. ಅವನ ಕಥೆಯಿಂದ ಹುಡುಗರು ಕಲಿಯಬೇಕಾದ ಮೊದಲ ಆರೋಗ್ಯದ ಪಾಠ ಇದು.

‘ಕೀಮೋ ಪಡೆದವರ ಕೂದಲು ಯಾಕೆ ಉದುರುತ್ತದೆ? ಈಗ ಕಲಿತದ್ದರಿಂದ ಊಹಿಸಿ’ ಎಂದು ಇಡೀ ತರಗತಿಗೆ ಕೇಳಿದೆ. ಆ ಹುಡುಗಿಯ ಕಡೆ ಬೇಕೆಂದೇ ನೋಡಲಿಲ್ಲ. ಕೈ ಎತ್ತಿದವಳು ಅವಳೇ. “ಕೂದಲಾನೂ ಬಡಬಡ ಬೆಳಿತಾವ್ರಿ, ಅದಕ್ಕ ಔಷಧ ಅವಕ್ಕೂ ತಾಗತೈತ್ರಿ” ಎಂದು, ಕ್ಷಣ ಬಿಟ್ಟು, “ನಮ್ಮವ್ವನ ಬಾಯಾಗೂ ಹುಣ್ಣ ಆಗಿದ್ವ್ರಿ. ಅದೂ ಹಿಂಗನಾ ಏನ್ರಿ?” ಎಂದಳು. ಹೌದು, ಬಾಯಿಯ ಒಳಪದರದ ಕೋಶಗಳೂ ವೇಗವಾಗಿ ವಿಭಜಿಸುತ್ತವೆ ಎಂದು ಹಲಗೆಯ ಮೇಲಿನ ಪಟ್ಟಿಗೆ ಅದನ್ನು ಸೇರಿಸಿದೆ. ತರಗತಿಯಲ್ಲಿ ಆ ವಿಷಯವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವಳು ಅವಳು. ಅವಧಿ ಮುಗಿದ ಮೇಲೆ ಅವಳು ಕೇಳಿದ್ದು, ಆ ಔಷಧ ಅವ್ವನ ರೋಗಕ್ಕೆ ಯಾಕೆ ಹತ್ತಲಿಲ್ಲ ಎಂದು. ಕೋಶಗಳು ಡಿಎನ್‌ಎಯನ್ನು ದುರಸ್ತಿ ಮಾಡಿಕೊಳ್ಳುವುದನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತೋರಿಸಿದೆ. “ಅವ್ವ ಎಲ್ಲಾ ಕೀಮೋಕ್ಕೂ ಹೋಗಿದ್ಲ್ರಿ, ಒಂದೂ ತಪ್ಪಿಸಿರಲಿಲ್ಲ” ಎಂದಳು. ಅದೇ ಛಲ, ಅದಕ್ಕಿಂತ ಬೇರೆ ಛಲ ಇಲ್ಲ ಎಂದು ಹೇಳಿದೆ.

ಎರಡನೆಯ ಅವಧಿಯಲ್ಲಿ ದೂರ, ವೇಗ, ಗಾಳಿಯ ಲೆಕ್ಕ ಮತ್ತು ಇಪಿಒ. ಮೌಲ್ಯಮಾಪನಕ್ಕೆ ಮೂರು ಪ್ರಶ್ನೆ ಕೊಟ್ಟೆ: ರೋಗ ವಾಸಿಯಾಗಲು ಕಾರಣವಾದ ಎರಡು ಅಂಶ ಬರೆಯಿರಿ; ಇಪಿಒ ಯಾರಿಗೆ ಅಗತ್ಯ, ಯಾರಿಗೆ ಅಪಾಯ; ‘ಆರ್ಮ್‌ಸ್ಟ್ರಾಂಗ್ ಛಲಗಾರನೇ?’ ಎಂಬುದಕ್ಕೆ ಕಾರಣ ಸಹಿತ ಉತ್ತರಿಸಿ. ಮೂರನೆಯದಕ್ಕೆ ಉತ್ತರಗಳು ಒಂದೇ ಥರ ಇರಲಿಲ್ಲ. ಚಿಕಿತ್ಸೆ ಮುಗಿಸಿದ್ದರಲ್ಲಿ ಛಲ ಇತ್ತು, ಸುಳ್ಳು ಹೇಳುತ್ತ ಹೋದದ್ದಕ್ಕೆ ಛಲ ಎನ್ನಬಾರದು ಎಂದು ಕೆಲವರು ಬರೆದರು. ಎಲ್ಲರೂ ಮದ್ದು ತೆಗೆದುಕೊಳ್ಳುತ್ತಿದ್ದರೆ ಇವನೊಬ್ಬನದೇ ತಪ್ಪೇ ಎಂದು ಇಬ್ಬರು ಕೇಳಿದ್ದರು. ಅದಕ್ಕೆ ನಾನು ಅಂಕ ಕಡಿತ ಮಾಡಲಿಲ್ಲ. ಆದರೆ ಮದ್ದು ಬೇಡವೆಂದು ತಂಡ ಬಿಟ್ಟವರ ಪರವಾಗಿಯೂ ಒಂದು ವಾಕ್ಯ ಬರೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಸಮಯ ಸಾಲದೆ ಗಾಳಿಯ ಘನ ನಿಯಮವನ್ನು ಅವಸರದಲ್ಲಿ ಮುಗಿಸಿದ್ದು ಈ ಪಾಠದ ಕೊರತೆ. ಅದಕ್ಕೆ ಪ್ರತ್ಯೇಕ ಅವಧಿ ಬೇಕು.

ಸಹ-ಪ್ರಶಿಕ್ಷಣಾರ್ಥಿಗಳಿಗೆ

ರೋಗದ ಕಥೆಯನ್ನು ತರಗತಿಗೆ ಒಯ್ಯುವ ಮುನ್ನ ತರಗತಿ ಶಿಕ್ಷಕರನ್ನು ಕೇಳಿ, ಯಾರ ಮನೆಯಲ್ಲಿ ಏನು ನಡೆದಿದೆ ಎಂದು ತಿಳಿದುಕೊಳ್ಳಿ. ತಿಳಿದ ಮೇಲೆ ಆ ಮಗುವನ್ನು ಉದಾಹರಣೆಯಾಗಿ ಎಳೆಯಬೇಡಿ. ತಾನಾಗಿ ಮಾತಾಡಿದರೆ ತಡೆಯಲೂ ಬೇಡಿ. ಸಾಧಕರ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬೇಡಿ, ಉಳಿದರ್ಧ ಮಕ್ಕಳ ಕೈಯ ಮೊಬೈಲಿನಲ್ಲಿದೆ. ಹಲಗೆಯ ಮೇಲೆ ತಪ್ಪು ಬರೆದಿದ್ದರೆ ಅದೇ ಹಲಗೆಯ ಮೇಲೆ ತಿದ್ದಿ.

ಐನ್‌ಹಾರ್ನ್ ಅವರ ಬಳಿ 1974ರಲ್ಲಿ ಮೊದಲಿಗೆ ಈ ಚಿಕಿತ್ಸೆ ಪಡೆದು ಗುಣವಾದವನು ಪರ್ಡ್ಯೂ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ. ಅವನು ಮುಂದೆ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರದ ಶಿಕ್ಷಕನಾದ. ಅವನಿಗಿಂತ ಮೊದಲು ಅದೇ ರೋಗಕ್ಕೆ ಬಲಿಯಾದವರಲ್ಲೂ ಬದುಕುವ ಛಲ ಇದ್ದೇ ಇತ್ತು, ಔಷಧ ಇರಲಿಲ್ಲ. ಈ ಸಂಗತಿಯನ್ನು ಪಾಠದ ಕೊನೆಗೆ ಹೇಳಿದೆ. ಬಳಿಕ ಮೌಲ್ಯದ ಕಲಂನ ಹಳೆಯ ವಾಕ್ಯ ಹೊಡೆದು ಹೀಗೆ ಬರೆದೆ: ‘ರೋಗಿಯ ಸಹನೆ ಚಿಕಿತ್ಸೆಯನ್ನು ಮುಗಿಸಲು ನೆರವಾಗುತ್ತದೆ. ಗುಣವಾಗದಿದ್ದರೆ ಅದು ರೋಗಿಯ ಸೋಲಲ್ಲ.’ ಮಾರ್ಗದರ್ಶಕರು ಓದಿ, ಪಕ್ಕದಲ್ಲಿ ಸಹಿ ಹಾಕಿದರು.